ಅಂದಪ್ಪಣ್ಣನ ಕೌಂಟರ್, ತಾಜಬೀಯ ಪೇಟಿ

ಇರಕಲ್ಲಗಡದ ಬಸ್ ನಿಲ್ದಾಣದಿಂದ ಎಡಕ್ಕೆ ಹೊರಳಿದರೆ ಹಿಟ್ಟಿನ ಗಿರಣಿ, ಗಿರಣಿಯ ಮಗ್ಗುಲಿಗೆ ಅಂದಪ್ಪಣ್ಣನ ಮನೆ. ಮನೆಯ ಮುಂದಿನ ಕೋಣೆಯೇ ಅವನ ವರ್ಕ್‌ಶಾಪು. ಒಂದು ಕಾಲದಲ್ಲಿ ಅಲ್ಲಿ ಕೆಟ್ಟ ಟಿವಿಗಳು ಒಂದರ ಮೇಲೊಂದು ಕೂತು ಸರದಿ ಕಾಯುತ್ತಿದ್ದವು. ಈಗ ಟಿವಿ ಕೆಟ್ಟರೆ ಯಾರೂ ರಿಪೇರಿ ಮಾಡಿಸುವುದಿಲ್ಲ, ಹೊಸದು ತರುತ್ತಾರೆ. ಅಂದಪ್ಪಣ್ಣನಿಗೆ ಅದರ ಬೇಸರವೇನಿಲ್ಲ. ಮಗಳು ಅಮೃತಾ ಗಂಗಾವತಿಯಲ್ಲಿ ನೌಕರಿಯಲ್ಲಿದ್ದಾಳೆ, ಹೊಲ ಪಾಲಿಗೆ ಕೊಟ್ಟಾಗಿದೆ, ಮನೆ ನಡೆಯುತ್ತದೆ. ವರ್ಕ್‌ಶಾಪು ಈಗ ಬರೀ ಹವ್ಯಾಸ. ಬೆಳಿಗ್ಗೆ ಚಹಾ ಕುಡಿದು ಅಲ್ಲಿ ಕೂತನೆಂದರೆ ಊಟಕ್ಕೆ ಎಬ್ಬಿಸಲು ಹೆಂಡತಿ ಶಂಕ್ರಮ್ಮನೇ ಬರಬೇಕು.

ನಾನು ಯಂಕೇಶ, ಕೊಪ್ಪಳದ ಕೋರ್ಟಿನಲ್ಲಿ ಗುಮಾಸ್ತ. ವಾರವೆಲ್ಲ ಜನರ ಜಗಳದ ಕಾಗದ ಜೋಡಿಸುತ್ತೇನೆ, ರಜೆ ಸಿಕ್ಕಾಗ ನಮ್ಮೂರ ಭಜನಾ ಮೇಳದಲ್ಲಿ ತಬಲಾ ಬಾರಿಸುತ್ತೇನೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇದೆ ಎಂದು ಮನೆಯಲ್ಲಿ ಹೇಳುತ್ತಾರೆ. ಅಂದಪ್ಪಣ್ಣನ ಜೊತೆ ಇಷ್ಟು ವರ್ಷ ಗೆಳೆತನ ಮಾಡಿದ ಯಾರಿಗಾದರೂ ಅಷ್ಟು ಸಿಟ್ಟು ಬಂದೇ ಬರುತ್ತದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ ಅವನು.

ಆದರೆ ಪೇಟಿಯ ವಿಷಯದಲ್ಲಿ ಅವನ ಮಾತಿಗೆ ಎದುರಾಡುವವರು ನಮ್ಮ ಕಡೆ ಯಾರೂ ಇರಲಿಲ್ಲ. ಹಾರ್ಮೋನಿಯಂಗೆ ನಾವು ಪೇಟಿ ಎನ್ನುತ್ತೇವೆ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯ ಮೇಳದವರೆಲ್ಲ ಶ್ರುತಿ ತಪ್ಪಿದ ಪೇಟಿಯನ್ನು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಅವನ ಹತ್ತಿರ ತರುತ್ತಿದ್ದರು. ಪೇಟಿಯೊಳಗೆ ಒಂದೊಂದು ಸ್ವರಕ್ಕೂ ಒಂದೊಂದು ಹಿತ್ತಾಳೆಯ ರೀಡು. ಗಾಳಿ ತಾಗಿದರೆ ಅದು ನಡುಗುತ್ತದೆ, ಆ ನಡುಕವೇ ಸ್ವರ. ರೀಡಿನ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ, ಜಾಸ್ತಿ ಕೆರೆದರೆ ರೀಡು ಮುರಿದು ಕೈಗೆ ಬರುತ್ತದೆ. ಅಂದಪ್ಪಣ್ಣ ಕಣ್ಣು ಮುಚ್ಚಿ, ಕಿವಿಯೊಂದನ್ನೇ ನಂಬಿ ಈ ಕೆಲಸ ಮಾಡುತ್ತಿದ್ದ.

ಆ ಕಿವಿಯೇ ಕೈಕೊಡಲು ಶುರುವಾಯಿತು.

ನನಗೆ ತಿಳಿದದ್ದು ಹೋದ ದೀಪಾವಳಿಯ ಸುಮಾರಿಗೆ. ನಮ್ಮ ಮೇಳದ ಅಭ್ಯಾಸ ನಡೆದಿತ್ತು. ನನ್ನ ತಬಲಾ ಶ್ರುತಿಗೆ ಕೂತಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಅಂಗಳದಲ್ಲಿ ಆಡುತ್ತಿದ್ದ ಹುಡುಗರಿಗೂ ಅದು ಕೇಳುವಂತಿತ್ತು. ಅಂದಪ್ಪಣ್ಣ ಮಾತ್ರ ತಲೆದೂಗಿ, "ಛಲೋ ಕುಂತೈತಿ, ಹೊಡಿ" ಅಂದ. ಅಭ್ಯಾಸ ಮುಗಿದ ಮೇಲೆ ನಾನು ಅವನನ್ನು ಬಿಡಲಿಲ್ಲ. ವರ್ಕ್‌ಶಾಪಿನ ಬಾಗಿಲು ಹಾಕಿಕೊಂಡು ಕೇಳಿದೆ.

ಮೊದಲು ನನ್ನ ತಬಲಾವನ್ನೇ ಬೈದ. ಆಮೇಲೆ ಸೋಲ್ಡರಿಂಗ್ ತಂತಿಯನ್ನು ಬೆರಳಿಗೆ ಸುತ್ತುತ್ತ ಹೇಳಿದ, "ಮ್ಯಾಲಿನ ಸ್ವರ ಕೇಳವಲ್ದೋ ಯಂಕೇಶ. ಕೆಳಗಿನವು ಕೇಳ್ತಾವ. ಮ್ಯಾಲ ಹೋದಂಗ ಹೋದಂಗ ಬರೀ ಗಾಳಿ ಬಂದಂಗ ಆಗತೈತಿ."

"ಡಾಕ್ಟರಿಗಿ ತೋರಿಸಿಯೇನು?"

"ತೋರಿಸೇನಿ. ಕೊಪ್ಪಳಕ್ಕ ಹೋಗಿದ್ದೆ. ವಯಸ್ಸಿನ ಬ್ಯಾನಿ ಅಂದ್ರು. ಮಿಷನ್ ಹಾಕ್ಕೊಂಡ್ರ ಮಾತು ಕೇಳ್ತಾವಂತ. ಸ್ವರ ಖರೇನ ಕೇಳ್ತಾವಂತ ಅವರೂ ಹೇಳಲಿಲ್ಲ." ನನ್ನ ಮೊಣಕಾಲು ಹಿಡಿದು ಅಂದ, "ಯಾರ ಮುಂದೂ ಅನಬ್ಯಾಡ. ಶಂಕ್ರಿ ಮುಂದಂತೂ ಬ್ಯಾಡೇ ಬ್ಯಾಡ. ಕಿವುಡನ ಕೈಯಾಗ ಯಾರು ಪೇಟಿ ಕೊಡ್ತಾರ?"

ನನಗೆ ಅವತ್ತು ಸಂಕಟವಾಯಿತು. ಟಿವಿ ಹೋಯಿತು, ರೇಡಿಯೋ ಹೋಯಿತು, ಅದಕ್ಕೆಲ್ಲ ಅವನು ಜಗ್ಗಿರಲಿಲ್ಲ. ಪೇಟಿಯೂ ಹೋದರೆ ಬೆಳಿಗ್ಗೆ ಆ ಕುರ್ಚಿಯಲ್ಲಿ ಕೂರಲು ಅವನಿಗೆ ಕಾರಣವೇ ಉಳಿಯುತ್ತಿರಲಿಲ್ಲ.

ಆದರೆ ಅವನು ಆಗಲೇ ಉಪಾಯ ಹುಡುಕಿಕೊಂಡಿದ್ದ. ಸ್ವರವೆಂದರೆ ರೀಡು ಒಂದು ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಎಂಬ ಲೆಕ್ಕ ತಾನೇ? ಅದನ್ನು ಎಣಿಸುವ ಯಂತ್ರವಿದೆ, ಫ್ರೀಕ್ವೆನ್ಸಿ ಕೌಂಟರ್ ಅಂತ. "ಕಿವಿ ಹೋದ್ರ ಹೋಗ್ಲಿ, ಕಣ್ಣಿಲ್ಲೇನು?" ಅಂದ.

ಮೊದಲು ಒಂದು ಸಿದ್ಧ ಕೌಂಟರನ್ನು ಪೋಸ್ಟಿನಲ್ಲಿ ತರಿಸಿದ. ಅಂಗೈಯಗಲದ ಹಲಗೆ, ಅದರ ಮೇಲೆ ಕೆಂಪಗೆ ಹೊಳೆಯುವ ಎಂಟು ಅಂಕಿ. ನೋಡಲು ಭಾರಿ. ಅದನ್ನು ಮಾಡಿದ್ದು ರೇಡಿಯೋದವರಿಗಾಗಿ. ಕೋಟಿಗಟ್ಟಲೆ ನಡುಕವನ್ನು ಸರಾಗ ಎಣಿಸುತ್ತದೆ, ಪೇಟಿಯ ನೂರು ಇನ್ನೂರರ ಮುಂದೆ ತಡವರಿಸುತ್ತದೆ. ಸೆಕೆಂಡಿಗೆ ಎಷ್ಟಾಯಿತೋ ಅಷ್ಟು ಇಡೀ ಅಂಕಿಯನ್ನು ಮಾತ್ರ ತೋರಿಸುತ್ತದೆ, ಅರ್ಧ ಕಾಲು ಅದಕ್ಕೆ ಲೆಕ್ಕವೇ ಇಲ್ಲ. ಕೆಳಗಿನ ಸಪ್ತಕದಲ್ಲಿ ಅರ್ಧ ತಪ್ಪಿದರೂ ಹಾಡುವವನಿಗೆ ಗೊತ್ತಾಗುತ್ತದೆ. ಚಿನ್ನ ತೂಗುವುದಕ್ಕೆ ಹತ್ತಿಯ ಮೂಟೆ ತೂಗುವ ತಕ್ಕಡಿ ತಂದಂತಾಯಿತು. ಸಾಲದ್ದಕ್ಕೆ ಆ ಯಂತ್ರ ಒಂದೊಂದು ರೀಡಿಗೆ ಇದ್ದದ್ದರ ಎರಡರಷ್ಟು ತೋರಿಸಿತು. ರೀಡಿನ ದನಿಯಲ್ಲಿ ಮೂಲ ಸ್ವರದ ಜೊತೆ ಅದರ ಮರಿಗಳೂ ಇರುತ್ತವಂತೆ, ಯಂತ್ರ ಅವನ್ನೂ ಎಣಿಸಿಬಿಟ್ಟಿತ್ತು.

"ಫೋನಿನ್ಯಾಗ ಆ್ಯಪ್ ಐತಲ್ಲಪ್ಪಾ, ಸ್ವರ ಹಿಡಿದು ಹೇಳತೈತಿ" ಎಂದು ಊರಿಗೆ ಬಂದಿದ್ದ ಅಮೃತಾ ಅಂದಳು. ಅಪ್ಪ ಪೇಟಿಯ ಕೆಲಸಕ್ಕೆ ಏನೋ ಹೊಸದು ಮಾಡುತ್ತಿದ್ದಾನೆ ಎಂದಷ್ಟೇ ಅವಳಿಗೆ ಗೊತ್ತಿತ್ತು.

"ಬಿಚ್ಚಿ ನೋಡಾಕ ಬರಲಾರದ್ದನ್ನ ನಂಬಬಾರದವ್ವಾ" ಅಂದ ಅಂದಪ್ಪಣ್ಣ. ಅಲ್ಲಿಗೆ ಫೋನಿನ ಮಾತು ಮುಗಿಯಿತು. ಅವತ್ತು ಮಗಳ ಮಾತು ಕೇಳಿದ್ದರೆ ನಾನು ಇದನ್ನೆಲ್ಲ ಬರೆಯುವ ಶ್ರಮವೂ ಉಳಿಯುತ್ತಿತ್ತು.

ಕಡೆಗೆ ತಾನೇ ಕಟ್ಟಿದ. ಹಳೆಯ ಟೇಪ್ ರೆಕಾರ್ಡರಿನ ಮೈಕು, ಮರಿ ಸ್ವರಗಳನ್ನು ಸೋಸಿ ತೆಗೆಯುವ ಒಂದು ಸಣ್ಣ ಸರ್ಕಿಟ್ಟು, ಹೊಸಪೇಟೆಯಿಂದ ತಂದ ಒಂದು ಪುಟ್ಟ ಕಂಪ್ಯೂಟರ್ ಹಲಗೆ. ಇದು ಸೆಕೆಂಡಿಗೆ ಎಷ್ಟು ನಡುಕ ಎಂದು ಎಣಿಸುವುದಿಲ್ಲ. ಇಷ್ಟು ನಡುಕಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಅಳೆದು, ಭಾಗಾಕಾರ ಮಾಡಿ, ಅರ್ಧ ಕಾಲನ್ನೂ ತೋರಿಸುತ್ತದೆ. ಎಲ್ಲವನ್ನೂ ಕೆಟ್ಟ ಸ್ಟೆಬಿಲೈಜರಿನ ಡಬ್ಬಿಯೊಳಗೆ ಕೂಡಿಸಿದ. ಅದನ್ನು ಕಟ್ಟುವಾಗ ಅವನ ಮುಖದ ಮೇಲಿದ್ದ ಕಳೆಯನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಶಂಕ್ರಮ್ಮ ಆಗಾಗ ಬಂದು ಎದುರಿಗೆ ನಿಂತು "ಚಹಾ ತರ್ಲೇನ್ರಿ?" ಎಂದು ಕೇಳಿ ಹೋಗುತ್ತಿದ್ದಳು. ಮೊದಲೆಲ್ಲ ಅಡುಗೆಮನೆಯಿಂದಲೇ ಇಡೀ ಓಣಿಗೆ ಕೇಳುವಂತೆ ಕೂಗುತ್ತಿದ್ದ ಹೆಂಗಸು. ವಯಸ್ಸಾದ ಮೇಲೆ ಮೆತ್ತಗಾಗಿದ್ದಾಳೆ ಅಂದುಕೊಂಡೆ.

ತಕ್ಕಡಿ ಕಟ್ಟಿದರೆ ಸಾಲದು, ಪರೀಕ್ಷೆ ಮಾಡಲು ಸರ್ಕಾರದ ಮುದ್ರೆಯ ತೂಕದ ಕಲ್ಲು ಬೇಕು. ಕೌಂಟರಿಗೂ ಹಾಗೆಯೇ, ಮೊದಲೇ ಗೊತ್ತಿರುವ ಒಂದು ಎಣಿಕೆಗೆ ಅದನ್ನು ಹೊಂದಿಸಬೇಕು. ಅಂದಪ್ಪಣ್ಣ ಆರಿಸಿಕೊಂಡದ್ದು ಗೋಡೆಯ ಪ್ಲಗ್ಗಿನ ಕರೆಂಟನ್ನು. ಮನೆಗೆ ಬರುವ ಕರೆಂಟು ಸೆಕೆಂಡಿಗೆ ಐವತ್ತು ಸಲ ಅಲೆಯುತ್ತದೆ. ನಮ್ಮೂರಿನ ಕರೆಂಟಿನ ಬೇರೆ ಯಾವ ಗುಣವನ್ನೂ ನಾವು ನಂಬುವುದಿಲ್ಲ. ವೋಲ್ಟೇಜು ಏರುತ್ತದೆ, ಇಳಿಯುತ್ತದೆ, ಪಂಪ್‌ಸೆಟ್ಟಿನ ಹೊತ್ತಿಗೆ ಬಲ್ಬು ಹಣತೆಯಾಗುತ್ತದೆ. ಐವತ್ತು ಮಾತ್ರ ಐವತ್ತೇ. ಅದು ಇಡೀ ದೇಶದ ಲೆಕ್ಕ, ಇರಕಲ್ಲಗಡದ್ದಲ್ಲ ಎಂದು ಅಂದಪ್ಪಣ್ಣ ಹೇಳುತ್ತಿದ್ದ.

ಹಾಗೆ ಹೊಂದಿಸಿದ ದಿನ ಮಧ್ಯಾಹ್ನ ನಾನು ಹೋದಾಗ ಪಕ್ಕದ ಗಿರಣಿ ಆಗಷ್ಟೇ ಶುರುವಾಗಿತ್ತು. ಅಂದಪ್ಪಣ್ಣ ಕೌಂಟರಿನ ವೈರು ಸುತ್ತಿ ಇಡುತ್ತಿದ್ದ. "ಐವತ್ತಕ್ಕ ತಂದು ನಿಲ್ಲಿಸೇನಿ. ಕೂದಲೆಳಿನೂ ಆ ಕಡೆ ಈ ಕಡೆ ಇಲ್ಲ" ಅಂದ. ಆ ಖುಷಿಗೆ ನನ್ನನ್ನೂ ಊಟಕ್ಕೆ ಕೂರಿಸಿದ. ರೊಟ್ಟಿ, ಬದನೆಕಾಯಿ ಪಲ್ಯ, ಒರಳುಕಲ್ಲಿನಲ್ಲಿ ಕುಟ್ಟಿದ ಶೇಂಗಾ ಚಟ್ನಿ. ಮಿಕ್ಸರಿನ ಚಟ್ನಿಗೂ ಕಲ್ಲಿನ ಚಟ್ನಿಗೂ ಅಜಗಜಾಂತರ ಎಂದು ನಾನು ಎರಡು ಸಲ ಹಾಕಿಸಿಕೊಂಡೆ.

ಕೌಂಟರಿಗೆ ಬಂದ ಮೊದಲ ಪೇಟಿ ತಳಕಲ್ಲಿನ ತಾಜಬೀಯದು. ತಾಜಬೀ ತತ್ವಪದ ಹಾಡುವವಳು. ಅವಳ ತಾಯಿ ನಾಟಕದ ಕಂಪನಿಯಲ್ಲಿ ಪೇಟಿ ನುಡಿಸುತ್ತಿದ್ದಳು; ತಾಯಿ ಹೋದ ಮೇಲೆ ಮಗಳಿಗೆ ಉಳಿದದ್ದು ಆ ಪೇಟಿ ಒಂದೇ. ಅದನ್ನು ಅಂದಪ್ಪಣ್ಣನ ಕೈಗೆ ಬಿಟ್ಟು ಇನ್ನಾರ ಕೈಗೂ ಅವಳು ಕೊಟ್ಟವಳಲ್ಲ.

ಅಂದಪ್ಪಣ್ಣ ಒಂದೊಂದೇ ರೀಡಿಗೆ ಗಾಳಿ ಹಾಕಿ, ಅಂಕಿ ನೋಡಿ, ಕೆರೆದು, ಮತ್ತೆ ಅಂಕಿ ನೋಡಿ ಕೆಲಸ ಮುಗಿಸಿದ. "ಎಲ್ಲಾ ರೀಡೂ ಒಂದ ಅಳತಿಗಿ ಇಳದುಬಿಟ್ಟಾವ. ಹಳೇ ಹಿತ್ತಾಳಿ, ದಣದೈತಿ" ಅಂದ. ಎಲ್ಲದರ ತುದಿಯನ್ನೂ ಕೆರೆದು ಏರಿಸಿದ್ದ. ನುಡಿಸಿ ನೋಡಿದರೆ ಎಷ್ಟು ಸೊಗಸಾಗಿತ್ತೆಂದರೆ ನನ್ನ ಬಾಯಲ್ಲಿ ಬೈಗುಳ ಬರಲಿಲ್ಲ. ಒಂದು ಸ್ವರ ಇನ್ನೊಂದಕ್ಕೆ ಹೊಂದಿ ಕೂತಿತ್ತು. ತಬಲಾವನ್ನು ಮಾತ್ರ ಎಂದಿಗಿಂತ ಬಿಗಿಯಾಗಿ ಎಳೆಯಬೇಕಾಯಿತು. ಹೊಸ ಚರ್ಮ, ಇನ್ನೂ ಪಳಗಿಲ್ಲ ಅಂದುಕೊಂಡೆ.

ಅಮಾವಾಸ್ಯೆಯ ದಿನ ತಳಕಲ್ಲಿನ ಗದ್ದಿಗೆಯಲ್ಲಿ ಹಗಲು ಭಜನೆ. ಅದು ಎರಡೂರಿನ ಮೇಳಗಳು ಸೇರಿ ನಡೆಸುವ ಭಜನೆ. ಸರದಿಯಂತೆ ಅವರವರ ಪೇಟಿಗೆ ಅವರವರು ಹಾಡುತ್ತಾರೆ. ಊಟದ ಮುಂಚಿನ ಮಂಗಳವನ್ನು ಮಾತ್ರ ಎರಡೂ ಪೇಟಿಗಳನ್ನು ಜೋಡಿಯಾಗಿಟ್ಟು ಎಲ್ಲರೂ ಒಟ್ಟಿಗೆ ಹಾಡಬೇಕು. ಯಾವ ಕಾಲದಿಂದಲೋ ಬಂದ ಪದ್ಧತಿ.

ತಾಜಬೀ ಅವತ್ತು ಹಾಡಿದ ಹಾಗೆ ನಾನು ಕೇಳಿದ್ದಿಲ್ಲ. ಪೇಟಿಯ ದನಿಯೂ ಅವಳ ದನಿಯೂ ಹಾಲು ಸಕ್ಕರೆಯಂತೆ ಬೆರೆತಿದ್ದವು. ನನ್ನ ಪಕ್ಕದ ಕಂಬಕ್ಕೆ ಒರಗಿ ಕೂತಿದ್ದ ಅಂದಪ್ಪಣ್ಣ ಆಚೀಚೆ ನೋಡುತ್ತ, ಜನರ ಮುಖದಲ್ಲಿ ಮೆಚ್ಚುಗೆ ಕಂಡು ತಾನೂ ತಲೆದೂಗುತ್ತಿದ್ದ. ಹೆಂಗಸರ ಸಾಲಿನಲ್ಲಿ ಶಂಕ್ರಮ್ಮ ಇದ್ದಳು.

ಆಮೇಲೆ ಮಂಗಳ. ನಮ್ಮ ಮೇಳದ ಸಿದ್ದೇಶ ನಮ್ಮ ಪೇಟಿಯನ್ನು ತಂದು ತಾಜಬೀಯ ಪಕ್ಕಕ್ಕಿಟ್ಟ. ಆ ಪೇಟಿಯ ಶ್ರುತಿಯನ್ನೂ ಅಂದಪ್ಪಣ್ಣನೇ ಕಟ್ಟಿದ್ದ, ಕಿವಿ ನೆಟ್ಟಗಿದ್ದ ಕಾಲದಲ್ಲಿ. ಇಬ್ಬರೂ ಒಂದೇ ಸ್ವರದ ಮನೆಯ ಮೇಲೆ ಬೆರಳಿಟ್ಟು ಗಾಳಿ ಹಾಕಿದರು. ಎರಡು ಸ್ವರ ಒಂದಾಗಲಿಲ್ಲ. ಕೋಳಿ ಜಗಳಕ್ಕೆ ಬಿದ್ದಂತೆ ಒಂದರ ಮೇಲೊಂದು ಹಾರಿದವು. ಸಿದ್ದೇಶ ಬೆಚ್ಚಿ ಬೆರಳು ತೆಗೆದು ಮತ್ತೆ ಇಟ್ಟ. ಮತ್ತೆ ಅದೇ. ಹಾಡಲು ಬಾಯಿ ತೆರೆದವರು ಯಾವುದಕ್ಕೆ ದನಿಗೂಡಿಸಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು.

ಅಂದಪ್ಪಣ್ಣ ಒಬ್ಬನೇ ನಗುಮುಖದಿಂದ ತಾಳ ಹಾಕುತ್ತಿದ್ದ. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ತಾಜಬೀ ಅವನ ಕಡೆ ನೋಡಿದಳು. ಆ ನಗುವನ್ನು ನೋಡಿದಳು, ತಾಳ ಹಾಕುವ ಕೈಯನ್ನು ನೋಡಿದಳು. ಅವಳಿಗೆ ಎಲ್ಲವೂ ತಿಳಿದುಹೋಯಿತೆಂದು ನನಗೆ ಗೊತ್ತಾಯಿತು.

ಅವಳು ಮೆಲ್ಲಗೆ ತನ್ನ ಪೇಟಿಯ ಗಾಳಿ ಮುಚ್ಚಿದಳು. "ನಮ್ಮ ಪೇಟಿಗಿ ಜರಾ ನೆಗಡಿ ಆಗೇತ್ರಿ. ನೀ ನುಡಿಸೋ ಸಿದ್ದೇಶ, ನಾ ಹಾಡ್ತೀನಿ" ಅಂದಳು. ಜನ ನಕ್ಕರು. ಮಂಗಳ ನಡೆಯಿತು.

"ತಾಜಬೀ ಯಾಕ ಪೇಟಿ ನಿಲ್ಲಿಸಿದ್ಲು?" ಎಂದು ಅಂದಪ್ಪಣ್ಣ ನನ್ನ ಕಿವಿಯಲ್ಲಿ ಕೇಳಿದ. ನಾನು ತಬಲಾದ ಮೇಲಿಂದ ಕಣ್ಣೆತ್ತಲಿಲ್ಲ. ಅವನ ಕೈ ತಾಳ ಹಾಕುವುದನ್ನು ನಿಲ್ಲಿಸಿತು. ಊಟದಲ್ಲಿ ಅವನು ಹುಗ್ಗಿ ಮುಟ್ಟಲಿಲ್ಲ.

ಬಸ್ಸಿನಲ್ಲಿ ಇಡೀ ದಾರಿ ಕಿಟಕಿಯಾಚೆ ನೋಡುತ್ತಿದ್ದವನು ಮನೆಗೆ ಬಂದವನೇ ಚಪ್ಪಲಿ ಕಳಚದೆ ವರ್ಕ್‌ಶಾಪಿಗೆ ನುಗ್ಗಿದ. ಕೌಂಟರನ್ನು ಗೋಡೆಯ ಪ್ಲಗ್ಗಿಗೆ ಸೇರಿಸಿದ. ಅದು ನಲವತ್ತೊಂಬತ್ತು ತೋರಿಸಿತು.

"ನೋಡ! ಕರೆಂಟೇ ಬಿದ್ದೈತಿ!" ಅಂದ. ತನ್ನ ಯಂತ್ರ ತಪ್ಪಬಹುದೆಂಬ ಯೋಚನೆಯೇ ಅವನಿಗೆ ಬರಲಿಲ್ಲ. ದೇಶದ ಕರೆಂಟು ತಪ್ಪಬಹುದು, ಅಂದಪ್ಪಣ್ಣನ ಕೌಂಟರ್ ತಪ್ಪಬಹುದೇ?

ನಮ್ಮ ಹಿಂದೆಯೇ ಬಂದಿದ್ದ ಶಂಕ್ರಮ್ಮ ಅವನ ಎದುರಿಗೆ ಹೋಗಿ ನಿಂತಳು. "ಇದನ್ನ ಐವತ್ತಕ್ಕ ಹಚ್ಚಿದ್ದು ಯಾವತ್ತರಿ?"

"ಯಂಕೇಶ ಊಟಕ್ಕ ಕುಂತಿದ್ನಲ್ಲ, ಅವತ್ತ."

"ಕಲ್ಲಾಗ ಚಟ್ನಿ ಕುಟ್ಟಿದ್ದೆ, ಅವತ್ತೇನು?"

"ಹೂಂ. ಈಗ ಚಟ್ನಿ ಯಾಕ ಬಂತ ನಡುವ?"

ಶಂಕ್ರಮ್ಮ ಬಾಗಿಲ ಬದಿಯ ಮೇನ್ ಸ್ವಿಚ್ಚನ್ನು ಎಳೆದಳು. ಮನೆಯ ಕರೆಂಟು ಹೋಯಿತು, ಫ್ಯಾನು ಮಾತ್ರ ನಿಲ್ಲಲಿಲ್ಲ. ಒಳಗೆ ಅಮೃತಾ ಕೊಡಿಸಿದ ಇನ್ವರ್ಟರು ಬ್ಯಾಟರಿಯ ಕರೆಂಟು ಕೊಡಲು ಶುರುಮಾಡಿ, ಸೊಳ್ಳೆಯಂತೆ ಸಣ್ಣ ದನಿಯಲ್ಲಿ ಒಂದೇ ಸಮನೆ ಕೂಗತೊಡಗಿತು. ಆ ದನಿ ಕೇಳಿದರೆ ಕರೆಂಟು ಹೋಗಿದೆಯೆಂದು ಅವರ ಮನೆಗೆ ಬಂದು ಹೋಗುವವರಿಗೆಲ್ಲ ಗೊತ್ತು.

ಕೌಂಟರಿನ ಅಂಕಿ ಮಿಸುಕಾಡಿತು. ಐವತ್ತಕ್ಕೆ ಬಂದು ನಿಂತಿತು.

"ಅವತ್ತ ಗಿರಣಿ ಶುರು ಆಗೋತನಕ ಕರೆಂಟ್ ಇರಲಿಲ್ಲರಿ" ಎಂದಳು ಶಂಕ್ರಮ್ಮ. "ಮಿಕ್ಸರ್ ಹಾಕಿದ್ರ ಬ್ಯಾಟರಿ ಇಳಿತೈತಂತ ಕಲ್ಲಾಗ ಕುಟ್ಟಿದೆ. ಇನ್ವರ್ಟರ್ ಹಿಂಗ ಹೊಯ್ಕೊಳ್ಳಾಕತ್ತಿತ್ತು. ನಿಮಗ ಕೇಳಿಸ್ಲಿಲ್ಲ."

ಅಂದಪ್ಪಣ್ಣನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಗ್ಗದ ಇನ್ವರ್ಟರಿನ ಐವತ್ತು ಐವತ್ತಲ್ಲ, ಐವತ್ತೊಂದೂ ಇರಬಹುದು ಎನ್ನುವುದು ಅವನೇ ನನಗೆ ಹೇಳಿಕೊಟ್ಟ ಪಾಠ. ಕಲ್ಲೇ ತಪ್ಪಾಗಿದ್ದ ತಕ್ಕಡಿಯಲ್ಲಿ ಎಲ್ಲ ರೀಡುಗಳನ್ನೂ ಒಂದೇ ಪ್ರಮಾಣದಲ್ಲಿ ತಪ್ಪಾಗಿ ತೂಗಿದ್ದ. ಅದಕ್ಕೇ ಪೇಟಿ ತನ್ನಷ್ಟಕ್ಕೆ ತಾನು ಸರಿಯಾಗಿತ್ತು, ನಮ್ಮ ಪೇಟಿಗಿಂತ ಮಾತ್ರ ಒಂದು ಎಳೆ ಮೇಲೇರಿತ್ತು. ಅವನು ಕಿವಿಗೊಟ್ಟು ಇನ್ವರ್ಟರಿನ ಕಡೆಗೆ ಬಾಗಿದ, ಇನ್ನೊಂದು ಕಿವಿಯನ್ನೂ ತಿರುಗಿಸಿದ.

"ನಿನಗ ಯಾವಾಗಿಂದ ಗೊತ್ತು?" ಎಂದು ಹೆಂಡತಿಯನ್ನು ಕೇಳಿದ.

"ನಾ ಒಳಗಿಂದ ಕೂಗೋದು ಬಿಟ್ಟು ಎಷ್ಟ ದಿನ ಆತು? ಎದುರಿಗೆ ಬಂದು ಯಾಕ ಮಾತಾಡ್ತೀನಿ ಅಂತ ಒಂದ ದಿನರ ಕೇಳೀರೇನು?" "ನೀವು ಮುಚ್ಚಿಟ್ರಿ. ನಿಮಗ ಬ್ಯಾಸರ ಆಗಬಾರದಂತ ನಾನೂ ಮುಚ್ಚಿಟ್ಟೆ."

ನಾನು ಎದ್ದು ಹೊರಗೆ ಹೋದೆ. ಗಂಡ ಹೆಂಡಿರ ನಡುವೆ ತಬಲಜಿಗೆ ಏನು ಕೆಲಸ?

ಮರುದಿನ ಅಂದಪ್ಪಣ್ಣ ತಳಕಲ್ಲಿಗೆ ಹೊರಟ, ನನ್ನನ್ನೂ ಕರೆದುಕೊಂಡ. ತಾಜಬೀ ಚಾಪೆ ಹಾಸಿ, ನೀರು ಕೊಟ್ಟಳು. ಅವನು ನೀರನ್ನೂ ಕುಡಿಯದೆ ಹೇಳಿಬಿಟ್ಟ.

"ತಂಗೀ, ನನ್ನ ಕಿವಿ ಹೋಗ್ಯಾವ. ನಿನ್ನಿಂದ ಮುಚ್ಚಿಟ್ಟು ಮಿಷನ್ ನಂಬಿ ಕೆಲಸ ಮಾಡಿದೆ. ಮಿಷನ್ನೂ ತಪ್ಪ ಹಚ್ಚಿದ್ದೆ. ನಿಮ್ಮವ್ವನ ಪೇಟಿ ಕೆಡಿಸೇನಿ. ಸರಿ ಮಾಡಬೇಕಂದ್ರ ಎಲ್ಲಾ ರೀಡಿನ ಬುಡ ಕೆರೀಬೇಕು, ಒಂದೆರಡು ಮುರದ್ರೂ ಮುರೀಬಹುದು. ಬ್ಯಾರೆ ಯಾರ ಕಡೀಲಾದ್ರೂ ಮಾಡಿಸ್ತೀ ಅಂದ್ರ ನಾ ಬ್ಯಾಸರ ಮಾಡ್ಕೊಳ್ಳೋದಿಲ್ಲ."

ತಾಜಬೀ ಪೇಟಿಯ ಮೇಲಿನ ಬಟ್ಟೆಯನ್ನು ಸರಿಮಾಡಿದಳು.

"ಕೆಟ್ಟಿಲ್ಲರಿ ಅಣ್ಣಾ" ಎಂದಳು. ಅವನಿಗೆ ಕೇಳಲಿ ಎಂದು ಮುಖವೆತ್ತಿ, ನಿಧಾನವಾಗಿ. "ಒಂಟಿ ನುಡಿಸಿದ್ರ ಇಷ್ಟು ಛಲೋ ಅದು ಯಾವತ್ತೂ ನುಡದಿಲ್ಲ. ಜೋಡಿ ಕುಂತಾಗ ಅಷ್ಟ ಹೊಂದವಲ್ದು." ಪೇಟಿಯನ್ನು ಅವನ ಮುಂದಕ್ಕೆ ಸರಿಸಿದಳು. "ತಗೊಂಡ ಹೋಗ್ರಿ. ಈ ಸಲ ಶಂಕ್ರಮ್ಮಕ್ಕನ್ನೂ ಬಾಜೂಕ ಕೂಡಿಸ್ಕೊಳ್ರಿ."

ಅಂದಪ್ಪಣ್ಣ ಆಮೇಲೆ ನೀರು ಕುಡಿದ, ಚಹಾ ಕೇಳಿ ಕುಡಿದ.

ಮೇಲಿನ ಸಪ್ತಕದ ಒಂದು ರೀಡು ಮುರಿಯಿತು. ಹಳೆಯ ಪೇಟಿಯೊಂದರಿಂದ ತೆಗೆದು ಬೇರೆ ಹಾಕಿದ, ತಾಜಬೀಗೆ ಹೇಳಿಯೇ ಹಾಕಿದ. ಮುಂದಿನ ಅಮಾವಾಸ್ಯೆಗೆ ಎರಡು ಪೇಟಿಗಳೂ ಮಂಗಳ ನುಡಿದವು. ಅಂದಪ್ಪಣ್ಣನ ಕಿವಿಯ ಸಂಗತಿ ಈಗ ನಾಲ್ಕೂ ತಾಲ್ಲೂಕಿಗೆ ಗೊತ್ತಿದೆ, ಅವನೇ ಹೇಳುತ್ತಾನೆ. ಕೆಲವರು ಬರುವುದನ್ನು ಬಿಟ್ಟರು, ಉಳಿದವರು ಪೇಟಿ ತರುತ್ತಲೇ ಇದ್ದಾರೆ. ಅಮೃತಾ ಹೇಳಿದ್ದ ಫೋನಿನ ಆ್ಯಪ್ಪಿಗೂ ಎರಡನೆಯ ಸಾಕ್ಷಿಯೆಂದು ವರ್ಕ್‌ಶಾಪಿನಲ್ಲಿ ಜಾಗ ಸಿಕ್ಕಿದೆ.

ಹೋದ ಭಾನುವಾರ ನಾನು ಹೋದಾಗ ಕುಷ್ಟಗಿಯ ಒಂದು ಪೇಟಿ ಬಿಚ್ಚಿಕೊಂಡು ಕೂತಿದ್ದ. ಕೌಂಟರಿನ ವೈರನ್ನು ಪ್ಲಗ್ಗಿಗೆ ಹಾಕುವ ಮುಂಚೆ ಒಳಗೆ ತಿರುಗಿ, "ಶಂಕ್ರೀ, ಕರೆಂಟ್ ಐತೇನು?" ಎಂದು ಕೂಗಿದ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಶಂಕ್ರಮ್ಮ ಹಿಟ್ಟಿನ ಕೈಯಲ್ಲೇ ಬಂದಳು, ಅವನ ಎದುರಿಗೆ ನಿಂತಳು, ಅವನು ಮುಖವೆತ್ತುವ ತನಕ ಕಾದು, "ಐತ್ರಿ" ಎಂದಳು.